ತಾಳ ಹಿಡಿದ ಕೈ

ಹೊತ್ತು ಮುಳುಗಿ ದೀಪ ಹಚ್ಚುವ ವೇಳೆಯು ಸಂಸಾರಗಳಲ್ಲಿ ಮಂಗಳಕರವಾದ ವೇಳೆಯೆಂದು ನಮ್ಮ ಹಿರಿಯರು ಎಣಿಸಿರುವರು. ದೇವರ ಮುಂದೆ ದೀಪ ಉರಿಯುವುದು. ಮಕ್ಕಳು ಕೈಕಾಲು ತೊಳೆದು ಬಂದು ಕುಳಿತುಕೊಳ್ಳುವರು. ಹೊರಗೆ ದುಡಿಯಹೋದವರು ಮನೆಗೆ ಮರಳುವರು. ಆದರೆ ಯಾವ ಮನೆಯ ಯಜಮಾನನು ಕುಡಿತಕ್ಕೆ ವಶನಾಗಿರುವನೋ ಆ ಮನೆಯಲ್ಲಿ ಇದೇ ವೇಳೆಯು ಭಯದ ವೇಳೆ. ಹೆಂಡತಿಯು ಒಲೆಯ ಮುಂದೆ ಕುಳಿತಿದ್ದರೂ ಅವಳ ಕಿವಿ ಬಾಗಿಲ ಕಡೆಗೆ. ಬರುವ ಹೆಜ್ಜೆ ನೆಟ್ಟಗಿದೆಯೋ ಎಡವುತ್ತಿದೆಯೋ ಎಂಬುದರಿಂದಲೇ ಆ ರಾತ್ರಿ ಹೇಗೆ ಕಳೆಯುವುದೆಂಬುದನ್ನು ಪುಟ್ಟ ಮಕ್ಕಳು ಕೂಡ ಊಹಿಸಬಲ್ಲರು. ಅನುಭವಿಸಿದವರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ. ಅನುಭವಿಸದವರಿಗೆ ಎಷ್ಟು ವಿವರಿಸಿದರೂ ಸಾಲದು.

ಕುಡಿತದ ಕೇಡುಗಳನ್ನು ಪಟ್ಟಿಮಾಡುವುದು ಈ ಲೇಖನದ ಉದ್ದೇಶವಲ್ಲ. ಅವುಗಳನ್ನು ಕುಡಿಯುವವನೇ ನಮಗಿಂತ ಚೆನ್ನಾಗಿ ಬಲ್ಲನು. ಕುಡಿತವನ್ನು ಬಿಟ್ಟವನು ಆ ಸಂಜೆಯ ಹೊತ್ತನ್ನು ಏನು ಮಾಡಬೇಕೆಂಬುದೇ ಇಲ್ಲಿಯ ಪ್ರಶ್ನೆ. ಇದಕ್ಕೆ ಒಂದು ಉತ್ತರವು ನಮ್ಮ ಹಳ್ಳಿಗಳ ಭಜನೆಯ ಮನೆಯಲ್ಲಿ ಬಹುಕಾಲದಿಂದ ಇರುವುದೆಂದೂ, ಅದನ್ನು ನಾವು ಅರೆಪಾಲು ಮಾತ್ರ ಉಪಯೋಗಿಸಿಕೊಳ್ಳುತ್ತಿರುವೆವೆಂದೂ ನಮಗೆ ತೋರುವುದು.

ಬೆಂಗಳೂರು ನಗರವನ್ನು ಉತ್ತರಕ್ಕೂ ಪೂರ್ವ ಪಶ್ಚಿಮಗಳಿಗೂ ಬಳಸಿಕೊಂಡಿರುವ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಗಳನ್ನು ವಾಚಕರು ಬಲ್ಲರು. ೧೯೮೬ರಲ್ಲಿ ಬೆಂಗಳೂರು ಜಿಲ್ಲೆಯನ್ನು ಎರಡಾಗಿ ವಿಂಗಡಿಸಿದಾಗ ಈ ಪ್ರದೇಶವು ಗ್ರಾಮಾಂತರ ಜಿಲ್ಲೆಯ ಪಾಲಿಗೆ ಬಂದಿತು. ಘಾಟಿ ಸುಬ್ರಹ್ಮಣ್ಯ, ಶಿವಗಂಗೆಯ ಗಂಗಾಧರೇಶ್ವರ, ದೇವನಹಳ್ಳಿಯ ಕೋಟೆಯೊಳಗಿನ ವೇಣುಗೋಪಾಲಸ್ವಾಮಿ, ಇವು ಈ ಸೀಮೆಯ ಹೆಸರಾದ ದೇವಸ್ಥಾನಗಳು. ಆದರೆ ಇಂಥ ದೊಡ್ಡ ಗುಡಿಗಳಿಲ್ಲದ ಊರುಗಳಲ್ಲಿಯೂ ಒಂದು ರಾಮಮಂದಿರವೋ ಭಜನೆಯ ಮನೆಯೋ ಇರುವುದು ವಾಡಿಕೆ. ಗೋಡೆಯ ಮೇಲೆ ಪಟಗಳು, ಮೂಲೆಯಲ್ಲಿ ಒಂದು ಹಾರ್ಮೋನಿಯಂ, ಮೊಳೆಗೆ ತೂಗುಹಾಕಿದ ತಾಳ ಮತ್ತು ಚಿಟಿಕೆಗಳು, ನೆಲಕ್ಕೆ ಒಂದು ಜಮಖಾನ. ಇಷ್ಟೇ ಅದರ ಆಸ್ತಿ. ಶ್ರಾವಣದ ಶನಿವಾರಗಳಲ್ಲಿ, ಏಕಾದಶಿಯ ರಾತ್ರಿಗಳಲ್ಲಿ, ಧನುರ್ಮಾಸದ ಚಳಿಯ ಬೆಳಗಿನ ಜಾವಗಳಲ್ಲಿ, ರಾಮನವಮಿಯಲ್ಲಿ ಅಲ್ಲಿ ಹತ್ತಾರು ಮಂದಿ ಸೇರಿ ಹಾಡುವರು. ದಾಸರ ಪದಗಳು, ವಚನಗಳು, ತತ್ತ್ವಪದಗಳು ಒಂದೇ ರಾತ್ರಿಯಲ್ಲಿ ಒಂದರ ಬೆನ್ನಿಗೆ ಒಂದು ಬರುವುವು. ಪೂರ್ವದ ಕಡೆಯ ಹಳ್ಳಿಗಳಲ್ಲಿ ಕೈವಾರದ ನಾರೇಯಣ ತಾತಯ್ಯನವರ ತೆಲುಗು ಪದಗಳೂ ಕನ್ನಡ ಪದಗಳೂ ಜೊತೆಗೂಡುವುವು. ಆ ತಾತಯ್ಯನವರು ಬಳೆ ಮಾರುತ್ತಿದ್ದವರೆಂಬುದು ಪ್ರಸಿದ್ಧವಷ್ಟೆ. ಹಾಡು ಕಟ್ಟುವುದಕ್ಕೆ ವಿದ್ವತ್ತಿನ ಪಟ್ಟ ಬೇಕಾಗಿಲ್ಲವೆಂಬುದಕ್ಕೆ ಈ ಸೀಮೆಯ ಜನರಿಗೆ ಬೇರೆ ಸಾಕ್ಷಿ ಬೇಡ.

ಇದೇ ಸೀಮೆಯು ಕಳೆದ ಕೆಲವು ದಶಕಗಳಲ್ಲಿ ಬಹಳ ಬದಲಾಗಿರುವುದು. ದೊಡ್ಡಬಳ್ಳಾಪುರದ ಕೈಮಗ್ಗಗಳ ಜಾಗದಲ್ಲಿ ವಿದ್ಯುತ್ತಿನ ಮಗ್ಗಗಳು ಬಂದುವು. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ಆರಂಭವಾಯಿತು. ಸುತ್ತಣ ಹೊಲಗಳು ನಿವೇಶನಗಳಾದುವು. ಜಮೀನು ಮಾರಿದ ಹಣವು ಕೆಲವು ಮನೆಗಳನ್ನು ಎತ್ತಿತು, ಕೆಲವು ಮನೆಗಳನ್ನು ಕೆಡವಿತು. ೨೦೦೭ನೆಯ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟವನ್ನು ಸರ್ಕಾರವು ನಿಷೇಧಿಸಿದಾಗ ಎಷ್ಟೋ ತಾಯಂದಿರು ನಿಟ್ಟುಸಿರು ಬಿಟ್ಟರು. ಆದರೆ ಸಾರಾಯಿ ಹೋದ ಜಾಗಕ್ಕೆ ಬೇರೆ ಅಗ್ಗದ ಮದ್ಯಗಳು ಬಂದುವು. ಅಂಗಡಿಯನ್ನು ಮುಚ್ಚಿಸುವುದು ಸರ್ಕಾರದ ಕೈಯಲ್ಲಿದೆ. ಸಂಜೆಯ ಬಯಕೆಯನ್ನು ಮುಚ್ಚಿಸುವುದು ಯಾವ ಸರ್ಕಾರದ ಕೈಯಲ್ಲಿಯೂ ಇಲ್ಲ.

ಈಗ ನಾವು ದೊಡ್ಡಬಳ್ಳಾಪುರದ ಒಂದು ನೇಕಾರನ ಮನೆಯನ್ನು ಕಣ್ಣೆದುರಿಗೆ ತಂದುಕೊಳ್ಳೋಣ. ಇದು ಊಹೆಯ ಮನೆ. ಆದರೂ ಇದನ್ನು ಹೋಲುವ ಮನೆಯನ್ನು ಕಾಣದ ವಾಚಕರು ವಿರಳ. ಗಂಡನು ಒಳ್ಳೆಯ ಕೆಲಸಗಾರ. ಹದಿನೈದು ವರ್ಷಗಳ ಕುಡಿತ. ಹೆಂಡತಿಯು ಕಂಡಿಕೆ ಸುತ್ತಿ, ಕೂಲಿಗೆ ಹೋಗಿ ಸಂಸಾರವನ್ನು ತೂಗಿಸಿದವಳು. ಊರಿನವರ ಒತ್ತಾಯದಿಂದಲೋ ತನಗೇ ಸಾಕಾಗಿಯೋ ಅವನು ಒಂದು ಮದ್ಯವರ್ಜನ ಶಿಬಿರಕ್ಕೆ ಹೋದನೆನ್ನೋಣ.

ಇಂಥ ಶಿಬಿರಗಳು ಕರ್ನಾಟಕದಲ್ಲಿ ಹೊಸವಲ್ಲ. ೧೯೮೨ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ, ಅದರ ಬೆನ್ನಿಗೆ ೧೯೯೦ರ ದಶಕದಲ್ಲಿ ಹುಟ್ಟಿ ಬೆಳೆದ ಜನಜಾಗೃತಿ ವೇದಿಕೆಯೂ ಇವುಗಳನ್ನು ಊರೂರಿಗೆ ಒಯ್ದಿರುವುವು. ಊರಿನ ಕಲ್ಯಾಣಮಂಟಪವೋ ದೇವಸ್ಥಾನದ ಸಭಾಭವನವೋ ಸುಮಾರು ಎಂಟು ದಿನಗಳ ಮಟ್ಟಿಗೆ ಶಿಬಿರವಾಗುವುದು. ಬಂದವರು ಅಲ್ಲಿಯೇ ಉಂಡು ಅಲ್ಲಿಯೇ ಮಲಗುವರು. ವೈದ್ಯರ ತಪಾಸಣೆ, ಯೋಗಾಭ್ಯಾಸ, ಉಪನ್ಯಾಸ, ಆಪ್ತಸಲಹೆ, ಕುಟುಂಬದವರ ಭೇಟಿ, ಇವುಗಳ ಜೊತೆಗೆ ಭಜನೆಯೂ ದಿನಚರಿಯಲ್ಲಿ ಸೇರಿರುವುದು. ಶಿಬಿರ ಮುಗಿದ ಮೇಲೆ ಹೊರಬಂದವರು ‘ನವಜೀವನ ಸಮಿತಿ’ ಎಂಬ ಹೆಸರಿನಲ್ಲಿ ಆಗಾಗ ಸೇರಿ ಒಬ್ಬರಿಗೊಬ್ಬರು ಊರುಗೋಲಾಗುವರು. ಇದಲ್ಲದೆ ಹಳ್ಳಿಯ ಭಜನಾ ಮಂಡಲಿಗಳವರಿಗಾಗಿ ಧರ್ಮಸ್ಥಳದಲ್ಲಿ ಭಜನಾ ತರಬೇತಿ ಕಮ್ಮಟಗಳೂ ನಡೆಯುತ್ತ ಬಂದಿರುವುವು. ಕುಡಿತ ಬಿಡಿಸುವವರೇ ಹಾಡನ್ನೂ ಕಲಿಸುತ್ತಿರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ನಮ್ಮ ನೇಕಾರನು ಎಂಟನೆಯ ದಿನ ಮನೆಗೆ ಬಂದನು. ಆರತಿಯಾಯಿತು, ಸಿಹಿಯೂಟವಾಯಿತು. ಒಂಬತ್ತನೆಯ ದಿನ ಸಂಜೆ ಆರು ಗಂಟೆಗೆ ಮಗ್ಗ ನಿಂತಿತು. ಈಗ ಅವನು ಎಲ್ಲಿಗೆ ಹೋಗಬೇಕು? ಹದಿನೈದು ವರ್ಷಗಳಿಂದ ಅವನ ಕಾಲುಗಳು ಒಂದೇ ದಾರಿಯನ್ನು ಬಲ್ಲುವು. ಅವನ ಗೆಳೆಯರೆಲ್ಲರೂ ಆ ದಾರಿಯ ಕೊನೆಯಲ್ಲಿರುವರು. ಮನೆಯಲ್ಲಿ ಕುಳಿತರೆ ಸುಮ್ಮನಿರುವ ಕೈಗಳು, ಹೆಂಡತಿಯ ಸಂಶಯದ ಕಣ್ಣು, ಮಕ್ಕಳ ಮೌನ. ಬಯಕೆಯೆಂಬುದು ಅಲೆಯಂತೆ ಏರಿ ಇಳಿಯತಕ್ಕದ್ದು. ಏರಿದಾಗ ಹಿಡಿದುಕೊಳ್ಳಲು ಒಂದು ಆಸರೆಯಿದ್ದರೆ ಅದು ತಲೆಯ ಮೇಲೆ ಹಾದುಹೋಗುವುದು. ಆಸರೆಯಿಲ್ಲದಿದ್ದರೆ ಎಳೆದುಕೊಂಡು ಹೋಗುವುದು. ಎಂಟು ದಿನಗಳ ಶಿಬಿರವು ಕಟ್ಟಿದುದನ್ನು ಈ ಒಂದು ಗಂಟೆಯು ಕೆಡವಬಲ್ಲದು.

ಈ ಒಂದು ಗಂಟೆಯ ಕಥೆಯು ಜಗತ್ತಿನ ಇನ್ನೊಂದು ಮೂಲೆಯಲ್ಲಿ ಒಂದು ದೊಡ್ಡ ಸಂಸ್ಥೆಯ ಹುಟ್ಟಿಗೆ ಕಾರಣವಾಯಿತು. ೧೯೩೫ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಎಂಬ ಪಟ್ಟಣದ ಹೋಟೆಲೊಂದರಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯಾಪಾರಿಯು ಒಬ್ಬನೇ ನಿಂತಿದ್ದನು. ಅವನು ಕುಡಿತ ಬಿಟ್ಟು ಕೆಲವು ತಿಂಗಳುಗಳಾಗಿದ್ದುವು. ಬಂದ ವ್ಯವಹಾರವು ಕೆಟ್ಟುಹೋಗಿತ್ತು. ಒಂದು ಕಡೆ ಪಾನಗೃಹದ ಗದ್ದಲವು ಕರೆಯುತ್ತಿತ್ತು. ಇನ್ನೊಂದು ಕಡೆ ಟೆಲಿಫೋನು ಇತ್ತು. ಅವನು ಟೆಲಿಫೋನಿನ ಕಡೆಗೆ ಹೋಗಿ, ತಾನು ಮಾತನಾಡಿಸಬಹುದಾದ ಇನ್ನೊಬ್ಬ ಕುಡುಕನು ಈ ಊರಿನಲ್ಲಿ ಸಿಕ್ಕುವನೇ ಎಂದು ವಿಚಾರಿಸಿದನು. ಹೀಗೆ ಸಿಕ್ಕಿದವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಅವರು ಕಡೆಯ ಸಲ ಕುಡಿದ ೧೯೩೫ರ ಜೂನ್ ೧೦ನ್ನೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’, ಎಂದರೆ ಹೆಸರು ಹೇಳಿಕೊಳ್ಳದ ಮದ್ಯವ್ಯಸನಿಗಳ ಸಂಘವು, ತನ್ನ ಜನ್ಮದಿನವೆಂದು ಎಣಿಸುವುದು. ಇದರ ತಿರುಳನ್ನು ವಾಚಕರು ಗಮನಿಸಬೇಕು. ಆ ಸಂಜೆ ವಿಲ್ಸನ್ನನಿಗೆ ಉಪದೇಶ ಬೇಕಾಗಿರಲಿಲ್ಲ; ಉಪದೇಶವನ್ನು ಅವನು ಸಾಕಷ್ಟು ಕೇಳಿದ್ದನು. ಇನ್ನೊಬ್ಬನಿಗೆ ಏನನ್ನಾದರೂ ಕೊಡುವುದು ಅವನಿಗೆ ಬೇಕಾಗಿತ್ತು. ಕೊಟ್ಟುದರಿಂದಲೇ ಅವನು ಉಳಿದನು.

ಆಕ್ರನ್ನಿನಲ್ಲಿ ಟೆಲಿಫೋನು ಮಾಡಿದ ಕೆಲಸವನ್ನು ನಮ್ಮ ಹಳ್ಳಿಯಲ್ಲಿ ಭಜನೆಯ ಮನೆಯ ಬಾಗಿಲು ಮಾಡಬಲ್ಲದೆಂಬುದು ನಮ್ಮ ಅಭಿಪ್ರಾಯ.

ಭಜನೆಯ ಕಟ್ಟನ್ನೇ ನೋಡಿರಿ. ಒಬ್ಬನು ಒಂದು ನುಡಿಯನ್ನು ಎತ್ತುವನು; ಉಳಿದವರು ಅದನ್ನೇ ಮರಳಿ ಹೇಳುವರು. ಆದುದರಿಂದ ಹಾಡು ಬಾರದವನಿಗೂ ಅಲ್ಲಿ ಮೊದಲನೆಯ ದಿನವೇ ಒಂದು ಸ್ಥಾನವಿದೆ. ಕಂಠವಿಲ್ಲದವನಿಗೆ ಚಪ್ಪಾಳೆಯಿದೆ, ಚಪ್ಪಾಳೆಯು ತಪ್ಪಿದರೂ ಹತ್ತು ಜನರ ಚಪ್ಪಾಳೆಯಲ್ಲಿ ಅದು ಮುಚ್ಚಿಹೋಗುವುದು. ಉದ್ದದ ನುಡಿಯನ್ನು ಹಾಡುವಾಗ ಉಸಿರು ತಾನಾಗಿ ನಿಧಾನವಾಗುವುದು. ಎರಡು ಗಂಟೆಗಳ ಕಾಲ ಕೈ, ಕಿವಿ, ಬಾಯಿ ಮೂರಕ್ಕೂ ಕೆಲಸವಿರುವುದು. ಇನ್ನೊಂದು ಸೂಕ್ಷ್ಮವೂ ಇದೆ. ಕುಡಿದ ಕೈಯಲ್ಲಿ ತಾಳವು ನಿಲ್ಲುವುದಿಲ್ಲ. ಯಾರೂ ಅವನ ಬಾಯಿಯ ವಾಸನೆಯನ್ನು ನೋಡಬೇಕಾಗಿಲ್ಲ, ಯಾರೂ ಪ್ರಶ್ನಿಸಬೇಕಾಗಿಲ್ಲ. ಆ ದಿನ ಅವನು ಹೇಗಿರುವನೆಂಬುದನ್ನು ತಾಳವೇ ಹೇಳುವುದು. ಮನೆಯವರ ಸಂಶಯದಿಂದ ಬೇಸತ್ತವನಿಗೆ ಇದಕ್ಕಿಂತ ಮರ್ಯಾದೆಯ ಪರೀಕ್ಷೆಯಿಲ್ಲ.

ಈ ಮಾತನ್ನು ನಾವು ಬರಿಯ ಭಕ್ತಿಯಿಂದ ಹೇಳುತ್ತಿಲ್ಲ. ಜನರು ಗುಂಪಾಗಿ ಹಾಡುವುದರ ಫಲವನ್ನು ಆಕ್ಸ್‌ಫರ್ಡಿನ ವಿದ್ವಾಂಸರು ಪರೀಕ್ಷಿಸಿ ೨೦೧೫ರಲ್ಲಿ ಪ್ರಕಟಿಸಿದರು. ಹಾಡಿನ ತರಗತಿಗಳಿಗೆ ಬಂದವರನ್ನು, ಕೈಕೆಲಸ ಮತ್ತು ಬರವಣಿಗೆಯ ತರಗತಿಗಳಿಗೆ ಬಂದವರೊಡನೆ ಅವರು ಏಳು ತಿಂಗಳ ಕಾಲ ಹೋಲಿಸಿ ನೋಡಿದರು. ಕೊನೆಗೆ ಎಲ್ಲ ತರಗತಿಗಳವರೂ ಒಬ್ಬರಿಗೊಬ್ಬರು ಹತ್ತಿರವಾದರು. ಆದರೆ ಹಾಡಿದವರು ಬಹು ಬೇಗನೆ, ಆರಂಭದಲ್ಲಿಯೇ, ಹತ್ತಿರವಾದರು. ಹಳೆಯ ಗೆಳೆಯರನ್ನೆಲ್ಲ ಬಿಟ್ಟು ಬಂದವನಿಗೆ ಈ ‘ಬೇಗನೆ’ ಎಂಬುದರ ಬೆಲೆಯೆಷ್ಟೆಂಬುದನ್ನು ಹೇಳಬೇಕಾಗಿಲ್ಲ. ಇನ್ನು, ಚಿಕಿತ್ಸೆಗಳ ಫಲವನ್ನು ಒರೆಹಚ್ಚಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯು ೨೦೨೨ರಲ್ಲಿ, ವ್ಯಸನಿಗಳಿಗೆ ಸಂಗೀತ ಚಿಕಿತ್ಸೆಯನ್ನು ಕೊಟ್ಟ ೨೧ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಮಾಮೂಲು ಚಿಕಿತ್ಸೆಯ ಜೊತೆಗೆ ಸಂಗೀತವೂ ಸೇರಿದಾಗ ಬಯಕೆಯು ಒಂದಿಷ್ಟು ಕುಗ್ಗಬಹುದೆಂದು ಅದಕ್ಕೆ ಕಂಡಿತು. ಅದು ಶಿಕ್ಷಣ ಪಡೆದ ಚಿಕಿತ್ಸಕರು ಕೊಟ್ಟ ಸಂಗೀತವೇ ಹೊರತು ನಮ್ಮ ಭಜನೆಯಲ್ಲ; ಅದೂ ಚಿಕಿತ್ಸೆಯ ಜೊತೆಗೆ, ಅದರ ಬದಲಿಗೆ ಅಲ್ಲ. ಈ ಎರಡು ಎಚ್ಚರಿಕೆಗಳನ್ನು ಮರೆಯದೆ ಅದರ ಫಲವನ್ನು ಸ್ವೀಕರಿಸೋಣ.

ಇಲ್ಲಿಯವರೆಗೆ ಹೇಳಿದುದು ನಾವು ಉಪಯೋಗಿಸಿಕೊಳ್ಳುತ್ತಿರುವ ಅರೆಪಾಲು. ಉಳಿದ ಅರೆಪಾಲು ಇದು: ಕುಡಿತ ಬಿಟ್ಟವನನ್ನು ನಾವು ಭಜನೆ ಕೇಳಲು ಕರೆಯುವೆವು, ಹಾಡಲು ಕರೆಯುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂರಿಸಿ, ಅವನು ತಿದ್ದಿಕೊಳ್ಳಲಿ ಎಂದು ಹಾರೈಸುವೆವು. ಅವನೋ ಜೀವಮಾನವಿಡೀ ಕೇಳಿಯೇ ಸಾಕಾದವನು. ಬೈಗುಳನ್ನು ಕೇಳಿದನು, ಅಳುವನ್ನು ಕೇಳಿದನು, ಬುದ್ಧಿವಾದವನ್ನು ಕೇಳಿದನು. ಇನ್ನೊಂದು ಒಳ್ಳೆಯ ಮಾತನ್ನು ಕೇಳಿಸಿದರೆ ಆಗುವುದೇನು? ಅವನಿಂದ ಪಡೆಯತಕ್ಕದ್ದು ತಮ್ಮಲ್ಲಿ ಯಾರಿಗೋ ಏನೋ ಇದೆಯೆಂದು ಹತ್ತು ಜನರು ತೋರಿಸಿದಾಗ ಮಾತ್ರವೇ ಅವನ ಬೆನ್ನು ನೆಟ್ಟಗಾಗುವುದು.

ನಮ್ಮ ಸಾಹಿತ್ಯದಲ್ಲಿಯೇ ಇದಕ್ಕೆ ನಿದರ್ಶನವಿರುವುದು. ೧೨ನೆಯ ಶತಮಾನದ ಶರಣರ ನಡುವೆ ಹೆಂಡದ ಮಾರಯ್ಯನೆಂಬವನೊಬ್ಬನಿದ್ದನು. ಹೆಂಡ ಮಾರುವುದು ಅವನ ಕಸುಬು. ಅವನು ಶರಣರ ಬಳಗಕ್ಕೆ ಸೇರಿದಾಗ ಅವರು ಅವನನ್ನು ಬರಿಯ ಕೇಳುಗನನ್ನಾಗಿ ಕೂರಿಸಲಿಲ್ಲ. ಅವನೂ ವಚನಕಾರನಾದನು, ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ಅವನ ವಚನಗಳು ಉಳಿದುಬಂದಿರುವುವು. ವಿಶೇಷವೇನೆಂದರೆ, ತನ್ನ ಹಳೆಯ ಕಸುಬಿನ ಮಾತುಗಳನ್ನು ಅವನು ಬಚ್ಚಿಡಲಿಲ್ಲ. ಹೆಂಡದ ಮಾತೇ ಅವನ ವಚನದಲ್ಲಿ ಅಧ್ಯಾತ್ಮದ ಮಾತಾಗಿ ತಿರುಗಿತು. ನಾಚಿಕೆಪಡಬೇಕಾಗಿದ್ದ ಬದುಕೇ ಇತರರಿಗೆ ಕೊಡತಕ್ಕ ಸಂಪತ್ತಾಯಿತು.

ಪುರಂದರದಾಸರ ಕಥೆಯನ್ನು ಮಕ್ಕಳೂ ಬಲ್ಲರು. ಜಿಪುಣನಾದ ಚಿನಿವಾರ ಶ್ರೀನಿವಾಸನಾಯಕನ ಮನವನ್ನು ಹೆಂಡತಿಯ ಮೂಗುತಿಯೊಂದು ತಿರುಗಿಸಿತೆಂದು ಐತಿಹ್ಯವು ಹೇಳುವುದು. ಹಣದ ಆಸೆಯೂ ವ್ಯಸನವೇ. ಅದನ್ನು ಬಿಟ್ಟವನು ಏನು ಮಾಡಿದನೆಂಬುದು ನಮಗೆ ಮುಖ್ಯ. ಕೋಣೆಯ ಬಾಗಿಲು ಹಾಕಿಕೊಂಡು ಪಶ್ಚಾತ್ತಾಪಪಡಲಿಲ್ಲ. ವ್ಯಾಸರಾಯರಿಂದ ಅಂಕಿತವನ್ನು ಪಡೆದು, ತಂಬೂರಿ ಹಿಡಿದು, ಬೀದಿಗೆ ಬಂದನು. ಸಂಗೀತ ಕಲಿಯುವ ಮಕ್ಕಳು ಇಂದಿಗೂ ಮೊದಲು ಹೇಳುವ ಮಾಯಾಮಾಳವಗೌಳದ ಸರಳೆವರಸೆಗಳ ಕ್ರಮವನ್ನು ಹಾಕಿಕೊಟ್ಟವರು ಅವರೇ ಎಂದು ಸಂಪ್ರದಾಯವು ಹೇಳುವುದು. ಹಳೆಯ ಬಾಳನ್ನು ಬಿಟ್ಟುಬಂದ ಒಬ್ಬ ಮನುಷ್ಯನ ಕೊಡುಗೆಯಿಂದ ನಮ್ಮ ಮಕ್ಕಳ ಪಾಠವು ಆರಂಭವಾಗುವುದೆಂದು ನೆನೆದರೆ ಮನಸ್ಸು ತುಂಬಿಬರುವುದು.

ದಾಸರ ಪದಗಳಲ್ಲಿ ತಮ್ಮ ತಪ್ಪನ್ನು ತಾವೇ ಹೇಳಿಕೊಳ್ಳುವ ಪದಗಳು ಅನೇಕವಿರುವುವು. ಅಲ್ಲಿ ‘ನಾನು’ ಎಂದು ಬರುವುದು ದಾಸರೊಬ್ಬರ ‘ನಾನು’ ಅಲ್ಲ, ಹಾಡುವವರೆಲ್ಲರದು. ಹೆಂಡತಿಯ ಮುಂದೆ ಒಂದು ಮಾತು ಹೇಳಲಾರದೆ ತೊದಲುವ ಗಂಡಸು ಹತ್ತು ಜನರ ನಡುವೆ ಇಂಥ ಪದವನ್ನು ಗಟ್ಟಿಯಾಗಿ ಹಾಡಬಲ್ಲನು. ಜೊತೆಗೆ ಹಾಡುವವರಲ್ಲಿ ಯಾರೂ ತನ್ನನ್ನು ಬೆರಳುಮಾಡಿ ತೋರಿಸಲಾರರು. ಏಕೆಂದರೆ ಅವರೂ ಅದನ್ನೇ ಹೇಳುತ್ತಿರುವರು. ಕೊನೆಯ ನುಡಿಯಲ್ಲಿ ಬರುವ ಅಂಕಿತವು ಹಾಡಿದವನ ಹೆಸರನ್ನು ಮರೆಸಿ ದೇವರ ಹೆಸರನ್ನು ಮುಂದಿಡುವುದು. ಆಕ್ರನ್ನಿನಲ್ಲಿ ಹುಟ್ಟಿದ ಸಂಘವು ಸದಸ್ಯರ ಹೆಸರನ್ನು ಮರೆಸಿಡುವುದಕ್ಕೂ, ನಮ್ಮ ಹಾಡುಗಾರರು ತಮ್ಮ ಹೆಸರನ್ನು ಅಂಕಿತದೊಳಗೆ ಅಡಗಿಸುವುದಕ್ಕೂ ಒಂದು ಒಳಗಿನ ನಂಟಿದೆಯೆಂದು ನಮಗೆ ಅನ್ನಿಸುವುದು. ಗೆದ್ದೆನೆಂಬ ಜಂಬವೂ ಬಿದ್ದೆನೆಂಬ ಅವಮಾನವೂ ಎರಡೂ ಈ ರೋಗಕ್ಕೆ ಅಪಾಯ. ಹೆಸರನ್ನು ಮರೆತು ಹಾಡುವವನಿಗೆ ಇವೆರಡೂ ಕಡಿಮೆ.

ಇನ್ನು ಹಾಡು ಕಟ್ಟುವ ಮಾತು. ಗೊತ್ತಿರುವ ಹಳೆಯ ಮಟ್ಟಿಗೆ ಹೊಸ ಮಾತನ್ನು ಕೂಡಿಸುವುದು ನಮ್ಮ ಭಜನೆಯವರಿಗೆ ಹೊಸದಲ್ಲ. ನಮ್ಮ ನೇಕಾರನಿಗೂ ಕೆಲವು ತಿಂಗಳ ಮೇಲೆ ಒಂದೆರಡು ನುಡಿ ಹೊಳೆಯಬಹುದು. ಅವನ ಎಳೆ, ಲಾಳಿ, ಹಾಸು, ಹೊಕ್ಕುಗಳೇ ಅದರಲ್ಲಿ ಬರಬಹುದು. ಪ್ರಾಸವು ತಪ್ಪಿದ್ದರೆ ತಪ್ಪಲಿ. ಅದನ್ನು ಮಂಡಲಿಯು ಒಂದು ಏಕಾದಶಿಯಂದು ಎತ್ತಿಕೊಂಡು ಹಾಡಿದರೆ, ಊರು ಅವನಿಂದ ಒಂದು ವಸ್ತುವನ್ನು ಪಡೆದಂತಾಯಿತು. ಸಾಲ ತೀರಿಸಿದವನ ಮುಖದಲ್ಲಿ ಯಾವ ಕಳೆ ಕಾಣುವುದೋ ಆ ಕಳೆ ಅವನ ಮುಖದಲ್ಲಿ ಕಾಣುವುದು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಸಂಗೀತವೂ ಮದ್ಯವೂ ಹಳೆಯ ನೆಂಟರೆಂದೂ, ಹೆಂಡದಂಗಡಿಯಲ್ಲಿಯೂ ಹಾಡಿರುವುದೆಂದೂ, ಹಬ್ಬದ ವಾದ್ಯಗೋಷ್ಠಿ ಮುಗಿದ ಮೇಲೆ ಕುಡಿದು ಬಿದ್ದವರನ್ನು ತಾವು ಕಂಡಿರುವೆವೆಂದೂ ಕೆಲವರು ಹೇಳುವರು. ನಿಜ. ಸ್ವರಕ್ಕೆ ತನ್ನದಾದ ಪುಣ್ಯಪಾಪಗಳಿಲ್ಲ. ಅದು ಯಾವ ಸಹವಾಸದಲ್ಲಿರುವುದೋ ಅದರ ಗುಣವನ್ನು ತಳೆಯುವುದು. ಇಂಗ್ಲೆಂಡಿನಲ್ಲಿ ವಿಲಿಯಂ ಬೂತನು ೧೮೬೫ರಲ್ಲಿ ಆರಂಭಿಸಿದ ಕೆಲಸವು ಮುಂದೆ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಯಾಯಿತು. ಕುಡಿತದಿಂದ ಹಾಳಾದ ಬಡವರ ನಡುವೆಯೇ ಅದರ ಸೇವೆ. ೧೮೭೮ರಲ್ಲಿ ಸಾಲ್ಸ್‌ಬರಿ ಪಟ್ಟಣದಲ್ಲಿ ಚಾರ್ಲ್ಸ್ ಫ್ರೈ ಎಂಬ ಗೃಹಸ್ಥನೂ ಅವನ ಮೂವರು ಮಕ್ಕಳೂ ಹಿತ್ತಾಳೆಯ ವಾದ್ಯಗಳೊಡನೆ ಅದರ ಬೀದಿಸಭೆಗಳಿಗೆ ಬಂದರು. ಅಲ್ಲಿಂದ ಅದರ ವಾದ್ಯಮೇಳಗಳು ಬೆಳೆದುವು. ಪಾನಗೃಹದ ಜನರಿಗೆ ಪರಿಚಿತವಾದ ಮಟ್ಟುಗಳಿಗೆ ಅವರು ಭಕ್ತಿಯ ಮಾತುಗಳನ್ನು ಕೂಡಿಸಿದರು. ನಿನ್ನೆ ಬೀದಿಯಲ್ಲಿ ಬಿದ್ದಿದ್ದವನ ಕೈಗೆ ಇಂದು ವಾದ್ಯವನ್ನು ಕೊಟ್ಟು ಮೆರವಣಿಗೆಯಲ್ಲಿ ನಿಲ್ಲಿಸಿದರು. ಮತ ಬೇರೆ, ವಾದ್ಯ ಬೇರೆ, ಯುಕ್ತಿಯು ಒಂದೇ. ಆದುದರಿಂದ ರಾಮಮಂದಿರವಾಗಲಿ, ಮಠವಾಗಲಿ, ಇಗರ್ಜಿಯಾಗಲಿ, ಯಾರ ದೇವರ ಮನೆಯಲ್ಲಿ ಜನ ಕೂಡಿ ಹಾಡುವರೋ ಅಲ್ಲಿಗೆ ಈ ಮಾತು ಸಲ್ಲುವುದು.

ಗೃಹಸ್ಥರು ತಪ್ಪದೆ ಮನಸ್ಸಿನಲ್ಲಿಡಬೇಕಾದ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳುವೆವು. ಭಜನೆಯು ವೈದ್ಯವಲ್ಲ. ಬಹುಕಾಲ ಹೆಚ್ಚಾಗಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಮೊದಲನೆಯ ದಿನವೇ ಕೈನಡುಕ, ಬೆವರು, ನಿದ್ದೆಗೇಡು ಬರಬಹುದು. ಎರಡು ದಿನಗಳೊಳಗೆ ಅಪಸ್ಮಾರದಂಥ ಸೆಳೆತಗಳು ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ಬುದ್ಧಿಭ್ರಮಣೆಯಾಗಿ, ಇಲ್ಲದುದು ಕಾಣಿಸಿ ಕೇಳಿಸಿ, ಪ್ರಾಣಕ್ಕೇ ಅಪಾಯವಾಗಬಹುದು. ಆಗ ಬೇಕಾದುದು ದೃಢಸಂಕಲ್ಪವಲ್ಲ, ಆಸ್ಪತ್ರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ವಿಭಾಗವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ ೧೪೪೪೬. ಇನ್ನೊಂದು ಮಾತು. ಕುಡಿಯುವವನಿಗೆ ತಿಳಿಯದಂತೆ ಅನ್ನದಲ್ಲಿ ಬೆರೆಸಿಕೊಡಿರೆಂದು ಪುಡಿಗಳನ್ನು ಮಾರುವವರ ಬಲೆಗೆ ಯಾವ ತಾಯಿಯೂ ಬೀಳಬಾರದು. ಮದ್ಯದೊಡನೆ ಸೇರಿದಾಗ ಮೈಯನ್ನು ಕೆರಳಿಸುವ ಡೈಸಲ್ಫಿರಾಮ್ ಎಂಬ ಔಷಧವುಂಟು. ಅದನ್ನು ರೋಗಿಯ ಒಪ್ಪಿಗೆಯಿಂದ, ವೈದ್ಯರ ಕಣ್ಣೆದುರಿನಲ್ಲಿಯೇ ಕೊಡತಕ್ಕದ್ದು. ಗುಟ್ಟಾಗಿ ಕೊಟ್ಟರೆ ಅದು ಕೊಲ್ಲಬಲ್ಲದು; ಕೊಲ್ಲದಿದ್ದರೂ ಗಂಡಹೆಂಡಿರ ನಡುವೆ ಉಳಿದಿದ್ದ ಒಂದಿಷ್ಟು ನಂಬಿಕೆಯನ್ನು ಕೊಲ್ಲುವುದು.

ಭಜನಾ ಮಂಡಲಿಗಳ ಹಿರಿಯರಲ್ಲಿ ನಮ್ಮ ಬಿನ್ನಹ ಇಷ್ಟೆ. ಶಿಬಿರದಿಂದಲೋ ಆಸ್ಪತ್ರೆಯಿಂದಲೋ ಬಂದವನಿಗೆ ಯೋಗ್ಯತೆಯು ಬರಲೆಂದು ಕಾಯಬೇಡಿರಿ. ಮೊದಲನೆಯ ವಾರವೇ ತಾಳವನ್ನು ಕೈಗೆ ಕೊಡಿರಿ. ದೀಪ ಹಚ್ಚುವುದು, ಜಮಖಾನ ಹಾಸುವುದು, ಬೀಗದ ಕೈ ಇಟ್ಟುಕೊಳ್ಳುವುದು, ಇಂಥ ಒಂದು ಹೊಣೆಯನ್ನು ವಹಿಸಿರಿ. ವಾರಕ್ಕೊಂದು ಭಜನೆಯಿದ್ದರೆ, ಅವನ ಸಲುವಾಗಿ ಕೆಲವು ತಿಂಗಳು ದಿನವೂ ಸಂಜೆ ಆರು ಗಂಟೆಗೆ ಬಾಗಿಲು ತೆಗೆಯಿರಿ. ನಾಲ್ವರು ಬಂದರೂ ಸಾಕು. ಅವನನ್ನು ಸಭೆಯ ಮುಂದೆ ನಿಲ್ಲಿಸಿ ‘ಇವನು ಹೀಗಿದ್ದನು, ಈಗ ಹೀಗಾದನು’ ಎಂದು ಮೆರೆಸಬೇಡಿರಿ. ಒಂದು ದಿನ ಅವನು ಜಾರಿದರೆ, ಈ ರೋಗದಲ್ಲಿ ಜಾರುವುದು ಅಪರೂಪವಲ್ಲ, ಆ ರಾತ್ರಿ ತಾಳವನ್ನು ಇನ್ನೊಬ್ಬರು ಹಿಡಿಯಲಿ. ಮರುದಿನ ಅವನಿಗೇ ಕೊಡಿರಿ. ಬಾಗಿಲನ್ನು ಮಾತ್ರ ಮುಚ್ಚಬೇಡಿರಿ. ಹೆಂಡದಂಗಡಿಯು ಅವನನ್ನು ಎಂದೂ ಹೊರಗೆ ಕಳುಹಿಸಿರಲಿಲ್ಲವೆಂಬುದನ್ನು ನೆನಪಿನಲ್ಲಿಡಿರಿ.

ಕೊನೆಯದಾಗಿ ಆ ಮನೆಯ ಹೆಂಡತಿಯ ಮಾತು. ಗಂಡನು ಹಾಡತೊಡಗಿದನೆಂದು ಅವಳ ಹದಿನೈದು ವರ್ಷಗಳು ಅಳಿಸಿಹೋಗಲಾರವು. ಅವಳು ಬೇಗನೆ ನಂಬಬೇಕೆಂದು ಅವಸರಪಡಿಸುವ ಹಕ್ಕು ಊರಿಗಿಲ್ಲ. ಕುಡಿಯುವವರ ಮನೆಯವರಿಗೂ ತಮ್ಮದೇ ಒಂದು ಕೂಟ ಬೇಕೆಂದು ಕಂಡುಕೊಂಡು ಅಮೆರಿಕದ ಹೆಂಗಸರು ೧೯೫೧ರಲ್ಲಿ ಬೇರೆ ಸಂಘವನ್ನೇ ಕಟ್ಟಿದರು. ನಮ್ಮ ಹಳ್ಳಿಗಳಲ್ಲಿ ಹೆಂಗಸರ ಭಜನಾ ಮಂಡಲಿಗಳಿಗೆ ಕೊರತೆಯಿಲ್ಲ. ಅವಳಿಗೂ ಅಲ್ಲಿ ಒಂದು ಸ್ಥಾನವಿರಲಿ. ಗಂಡನ ನೆಪದಿಂದಲ್ಲ, ಅವಳ ಸ್ವಂತ ಕಂಠಕ್ಕಾಗಿ. ಅವಳೂ ಬಹುಕಾಲದಿಂದ ಹಾಡನ್ನು ನಿಲ್ಲಿಸಿದವಳೇ.

ನಮ್ಮ ಊಹೆಯ ಮನೆಯಲ್ಲಿ ಈಗ ಸಂಜೆಯಾಗಿದೆ. ಮಗ್ಗ ನಿಂತಿದೆ. ನೇಕಾರನು ಕೈಕಾಲು ತೊಳೆದು, ಮೊಳೆಗೆ ಹಾಕಿದ್ದ ಅಂಗಿಯನ್ನು ತೊಟ್ಟು, ಬೀಗದ ಕೈಯನ್ನು ಜೇಬಿಗೆ ಇಟ್ಟುಕೊಂಡು ಹೊರಟಿರುವನು. ಹೆಂಡತಿಯು ಒಲೆಯ ಮುಂದಿನಿಂದ ಕಿವಿಗೊಟ್ಟಿರುವಳು. ಆ ಅಭ್ಯಾಸವು ಅವಳನ್ನು ಇನ್ನೂ ಬಿಟ್ಟಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೀದಿಯ ತುದಿಯಿಂದ ತಾಳದ ಸಪ್ಪಳವು ಕೇಳಿಸುವುದು. ಅದು ನೆಟ್ಟಗಿದೆ. ಅವಳು ಇನ್ನೊಂದು ರೊಟ್ಟಿಯನ್ನು ತಟ್ಟುವಳು.